ತಂತಿ ಸಡಿಲಿಸಿದ ಮೇಲೆ

ನಮ್ಮ ರಾಕ್ ತಂಡಕ್ಕೆ ಈಗ 26 ವರ್ಷ. ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್ ತಂಡಗಳ, ಅಂದರೆ ಎಪ್ಪತ್ತರ ದಶಕದ ಹಾಡುಗಳನ್ನು ದಾಟಿ ನಾವು ಮುಂದೆ ಹೋದದ್ದೇ ಇಲ್ಲ. ಹೊಟ್ಟೆಪಾಡಿಗೆ ಮದುವೆ ಆರ್ಕೆಸ್ಟ್ರಾ ಇದ್ದೇ ಇದೆ. ಎರಡು ವರ್ಷದ ಹಿಂದೆ ಡ್ರಮ್ಸ್ ನುಡಿಸುವ ಹುಡುಗನೊಬ್ಬ, "ಅಣ್ಣ, ನಿಮ್ಮ ರಿಫ್ ಚೆನ್ನಾಗಿವೆ, ಆದರೆ ಎದೆಗೆ ಗುದ್ದುವುದಿಲ್ಲ" ಎಂದ. ರಿಫ್ ಎಂದರೆ ಹಾಡಿನಲ್ಲಿ ಮರುಕಳಿಸುವ ಗಿಟಾರ್ ತುಣುಕು; ನುಡಿಸುವವನು ನಾನು. ಸಿಟ್ಟು ಬಂತು. ಮರುವಾರವೇ ಅವನನ್ನೂ ಬೇಸ್ ಗಿಟಾರ್ ನುಡಿಸುವ ಅವನ ಸೋದರಮಾವನನ್ನೂ ಕರೆದುಕೊಂಡು ಬೇರೆಯೇ ಒಂದು ಕೂಟ ಕಟ್ಟಿದೆ.

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಕಾಲ ಮುಗಿದರೂ ಗೋದಾಮುಗಳು ಉಳಿದಿವೆ. ಅಂಥದ್ದೊಂದನ್ನು ಬಾಡಿಗೆಗೆ ಹಿಡಿದು, ಗೋಡೆಗೆ ಹಳೆಯ ಹತ್ತಿ ಗಾದಿಗಳನ್ನು ನೇತುಹಾಕಿದೆವು. ಮಾರ್ದನಿ ಅಡಗಿತು. ಗಿಟಾರ್‌ನ ಸದ್ದು ಹೆಚ್ಚಿಸುವ ಆಂಪ್‌ನ ಗುಂಯ್‌ಗುಡುವಿಕೆ ಮಾತ್ರ ಹೋಗಲಿಲ್ಲ. ಕೇಬಲ್ ಬದಲಿಸಿದೆ, ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಿಸಿದೆ, ಹಣ ಹೋಯಿತು. ಕೊನೆಗೆ ವೈರ್‌ಮನ್ ಬಂದು ಒಣಗಿದ ಅರ್ಥಿಂಗ್ ಗುಂಡಿಯನ್ನು ತೋರಿಸಿದ. ಇದ್ದಿಲು, ಉಪ್ಪು ತುಂಬಿ ನಾಲ್ಕು ಕೊಡ ನೀರು ಸುರಿದ ಮೇಲೆ ಸದ್ದು ಬಹುಪಾಲು ಇಳಿಯಿತು. ಬೇಸಿಗೆಯಲ್ಲಿ ಅಭ್ಯಾಸಕ್ಕೆ ಮೊದಲು ಆ ಗುಂಡಿಗೆ ನೀರೆರೆಯುವುದು ಈಗಲೂ ನನ್ನದೇ ಕೆಲಸ.

ಹುಡುಗ ಬಯಸಿದ ಗುದ್ದಿಗೆ ಶ್ರುತಿ ಇಳಿಸಬೇಕಿತ್ತು. ಎಲ್ಲ ತಂತಿಗಳನ್ನು ಒಂದು ಪೂರ್ಣ ಸ್ವರ, ಅತಿ ದಪ್ಪದ್ದನ್ನು ಎರಡು ಸ್ವರ ಇಳಿಸಿದೆ. ಅದು 82 ಹರ್ಟ್ಸ್‌ನಿಂದ ಸುಮಾರು 65ಕ್ಕೆ ಬಂತು. ತೆಳುವಾದ ಹತ್ತರ ಸೆಟ್ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದವು. ಅದಕ್ಕಿಂತ ದಪ್ಪದ ಹನ್ನೆರಡರ ಸೆಟ್ ಹಾಕಿ, ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನ ಕಚ್ಚುಗಳನ್ನು ಅರದಿಂದ ಅಗಲಿಸಿ, ಕತ್ತಿನ ಒಳಗಿನ ಕಂಬಿಯನ್ನು ಬಿಗಿಮಾಡಿದೆ. ಶ್ರುತಿ ಇಳಿಸುವುದು ಹೊಸಬರ ಚಾಳಿ ಎಂದು ಮೂಗು ಮುರಿಯುತ್ತಿದ್ದವನು ನಾನೇ. ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡ, ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ 1971ರ ಆಲ್ಬಮ್‌ನಲ್ಲಿಯೇ ಮೂರು ಅರ್ಧಸ್ವರ ಇಳಿಸಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂಗು ಮುರಿಯುತ್ತಿದ್ದೆ.

ದೊಡ್ಡ ತಪ್ಪು ಮಾಡಿದ್ದು ಗೇನ್‌ನಲ್ಲಿ. ಶ್ರುತಿ ಇಳಿದಷ್ಟೂ ಡಿಸ್ಟಾರ್ಷನ್, ಅಂದರೆ ಸದ್ದಿನ ಒರಟು ಒಡಕು, ಏರಿಸಬೇಕೆಂದುಕೊಂಡು ಆಂಪ್‌ನ ಗೇನ್ ತಿರುಗಣೆಯನ್ನು ಎಂಟಕ್ಕೆ ತಿರುಗಿಸಿದ್ದೆ. ರೆಕಾರ್ಡ್ ಮಾಡಿ ಕೇಳಿದರೆ ಮಳೆಗಾಲದ ಕೆಸರು, ಯಾವ ಸ್ವರ ಎಲ್ಲಿದೆಯೋ ತಿಳಿಯದು. ಆರು ವಾರ ಕಿತ್ತಾಡಿ ನಾಲ್ಕಕ್ಕೆ ಇಳಿಸಿದೆವು. ಒಂದೇ ರಿಫ್ ಅನ್ನು ಎರಡು ಬಾರಿ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟೆ. ಎರಡೂ ಗಿಟಾರ್‌ಗಳಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಆ ಜಾಗವನ್ನು ಸೋದರಮಾವನ ಬೇಸ್‌ಗೆ ಬಿಟ್ಟುಕೊಟ್ಟೆ. ಗುದ್ದು ಬಂದದ್ದು ಆಗ. ನನ್ನ ಗಿಟಾರ್‌ನಿಂದಲೇ ಬರಬೇಕೆಂಬ ಹಟ ಇಷ್ಟು ದಿನ ಅಡ್ಡ ನಿಂತಿತ್ತು.

ಕ್ಲಿಕ್ ವಿಷಯದಲ್ಲಿ ನಾನು ಸೋಲಲಿಲ್ಲ. ಡ್ರಮ್ಸ್ ಹುಡುಗನ ಪೀಳಿಗೆ ಲಯ ತಪ್ಪದಿರಲು ಕಂಪ್ಯೂಟರಿನ ಟಿಕ್‌ಟಿಕ್‌ಗೆ ನುಡಿಸುತ್ತದೆ. ನಮ್ಮ ಹಾಡು ಪಲ್ಲವಿಗೆ ಬರುವಾಗ ತುಸು ಓಡಬೇಕು, ಇಲ್ಲವಾದರೆ ಸತ್ತಂತೆ. ಮೊದಲು ಮೂವರೂ ಕ್ಲಿಕ್ ಇಲ್ಲದೆ ನುಡಿಸಿ, ಆ ಓಟದ ಏರಿಳಿತವನ್ನೇ ಕಂಪ್ಯೂಟರಿಗೆ ಕಲಿಸಿದೆವು.

ಸಾಹಿತ್ಯ ಕನ್ನಡದ್ದೇ. ಕಡಿದು ನಿಲ್ಲುವ ರಿಫ್‌ಗೆ ಕಟ್ಟು, ಬಿಟ್ಟು, ಸುಟ್ಟು ಎಂಬ ಒತ್ತಕ್ಷರಗಳು ಡ್ರಮ್‌ನ ಏಟಿನಂತೆಯೇ ಕೂರುತ್ತವೆ. ಪದಗಳು ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಹಳೆಯ ಶೈಲಿಯಲ್ಲಿ ಎಳೆದು ಕೂಗುವುದಕ್ಕೂ ಅಡ್ಡಿಯಿಲ್ಲ.

ಐದು ಹಾಡು ಮುಗಿದಿವೆ. ಆರನೆಯದು ನಿಂತಿದೆ. ಅದರಲ್ಲಿ ಗಿಟಾರ್ ಒಂದೇ ಮೆರೆಯುವ ಸೋಲೊ ಬೇಡವೆನ್ನುತ್ತಾನೆ ಹುಡುಗ, ಒಂದು ನಿಮಿಷದ್ದಾದರೂ ಬೇಕೆನ್ನುತ್ತೇನೆ ನಾನು. ಸೋದರಮಾವ ಯಾರ ಪರವೂ ಮಾತಾಡದೆ ಮಂಡಕ್ಕಿ ತಿನ್ನುತ್ತಾ ಕೂತಿದ್ದಾರೆ.