ಯುಗಾದಿ ದಿನದ ಟಿಕ್ ಮಾರ್ಕು ಮತ್ತು ನಮ್ಮ ಕಾಮಿಶಿಬಾಯಿ ಬೋರ್ಡು

ಯುಗಾದಿ ದಿನ ನಮ್ಮ ಕಾರ್ಖಾನೆಗೆ ರಜೆ. ಹಿಂದಿನ ದಿನವೇ ಗೇಟಿಗೆ ಮಾವಿನ ತೋರಣ ಕಟ್ಟಿ, ಬೀಗ ಜಡಿದು ಊರಿಗೆ ಹೋಗಿರುತ್ತೇವೆ. ಆದರೆ ಕಸ್ಟಮರ್ ಕಡೆಯಿಂದ ಆಡಿಟ್‌ಗೆ ಬಂದವರು ಚೆಕ್‌ಲಿಸ್ಟ್ ಫೈಲು ತಿರುವುತ್ತಾ ಒಂದು ಹಾಳೆಯ ಮೇಲೆ ಬೆರಳಿಟ್ಟು, "ಮೇಡಂ, ಹಬ್ಬದ ದಿನವೂ ಕೂಲೆಂಟ್ ಚೆಕ್ ಮಾಡಿದ್ದೀರಾ?" ಅಂದರು. ಕೂಲೆಂಟ್ ಅಂದರೆ ಲೋಹ ಕಡೆಯುವಾಗ ಬಿಸಿ ಏರದಂತೆ ಸುರಿಯುವ ಎಣ್ಣೆ-ನೀರಿನ ಮಿಶ್ರಣ. ಎಂಟೂ ಮೆಷಿನ್ನಿಗೆ ಟಿಕ್, ಕೆಳಗೆ ಸಹಿ, ತಿಂಗಳಿಡೀ ಒಂದೇ ಪೆನ್ನಿನ ಇಂಕು. ಯಾರೋ ಶನಿವಾರ ಸಂಜೆ ಕೂತು ಒಂದೇ ಉಸಿರಿಗೆ ಇಡೀ ತಿಂಗಳನ್ನು ಮುಗಿಸಿದ್ದರು. ಬರೆದವರು ಯಾರೇ ಆಗಲಿ, ಫೈಲಿನ ಹೊಣೆ ನನ್ನದು. ಪೀಣ್ಯದಲ್ಲಿ ಲೋಹದ ಬಿಡಿಭಾಗ ಕಡೆಯುವ ಸಣ್ಣದೊಂದು ಟರ್ನಿಂಗ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುವವಳು ನಾನು.

ಅವತ್ತು ಆದ ಅವಮಾನದಿಂದಲೇ ಗೋಡೆಗೆ ಬೋರ್ಡು ಬಂತು. ಇದಕ್ಕೆ ಕಾಮಿಶಿಬಾಯಿ ಅನ್ನುತ್ತಾರೆ. ಜಪಾನಿನಲ್ಲಿ ಕಾಮಿ ಅಂದರೆ ಕಾಗದ, ಶಿಬಾಯಿ ಅಂದರೆ ನಾಟಕ. 1930ರ ದಶಕದಲ್ಲಿ ಅಲ್ಲಿನ ಕಥೆಗಾರರು ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತಿದ್ದರು. ಮರದ ತುಂಡುಗಳನ್ನು ಟಕಟಕ ತಟ್ಟಿ ಮಕ್ಕಳನ್ನು ಕರೆದು, ಮಿಠಾಯಿ ಮಾರಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಜಾರಿಸುತ್ತಾ ಕಥೆ ಹೇಳುತ್ತಿದ್ದರು. ನಮ್ಮ ತೊಗಲುಗೊಂಬೆಯವರ ದೂರದ ದಾಯಾದಿಗಳು ಅಂದುಕೊಳ್ಳಿ. ಟೊಯೋಟಾದವರು ಆ ಹೆಸರನ್ನೇ ಕಾರ್ಖಾನೆಯೊಳಗೆ ತಂದರು: ಗೋಡೆಯ ಮೇಲೆ ಕಾರ್ಡು, ಕಾರ್ಡಿನ ಮೇಲೆ ಒಂದು ಪ್ರಶ್ನೆ, ನೋಡಿದ ಮೇಲೆ ಹಸಿರೋ ಕೆಂಪೋ.

ಬೋರ್ಡು ಮಾಡಲು ದೊಡ್ಡ ಖರ್ಚಿಲ್ಲ. T ಆಕಾರದ ಕಾರ್ಡು ಸಿಕ್ಕಿಸುವ ರೆಡಿಮೇಡ್ ಟಿ-ಕಾರ್ಡ್ ಬೋರ್ಡು ಸಿಗುತ್ತದೆ, ನಾವು ತರಲಿಲ್ಲ. ಒಂದು ಪ್ಲೈವುಡ್ ಹಲಗೆ, ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಜೇಬುಗಳು. ಕಾರ್ಡನ್ನು ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆ ಮಾಡುವವರ ಹತ್ತಿರ ದಪ್ಪ ಕಾಗದಕ್ಕೆ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿದೆ. ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು, ಎರಡರಲ್ಲೂ ಅದೇ ಪ್ರಶ್ನೆ. ಕೆಂಪು ಬದಿಯ ಮೂಲೆಯಲ್ಲಿ ದಪ್ಪ ಕಪ್ಪು ಗುಣಿಸು ಗುರುತು ಇರಲಿ. ಗಂಡಸರಲ್ಲಿ ಕೆಲವರಿಗೆ ಕೆಂಪು-ಹಸಿರಿನ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಒಬ್ಬ ಹಳೇ ಆಪರೇಟರ್‌ಗೆ ಹಾಗಿದೆ ಅಂತ ನಮಗೆ ಗೊತ್ತಾಗಿದ್ದೇ ಈ ಬೋರ್ಡಿನಿಂದ.

ಹಲಗೆಯ ಮೇಲೆ ಅಡ್ಡಕ್ಕೆ ಸೋಮವಾರದಿಂದ ಶನಿವಾರ, ಉದ್ದಕ್ಕೆ ನೋಡುವವರು: ಶಿಫ್ಟ್ ಸೂಪರ್‌ವೈಸರ್, ಪ್ರೊಡಕ್ಷನ್ ಮ್ಯಾನೇಜರ್, ಯಜಮಾನರು. ಸೂಪರ್‌ವೈಸರ್ ದಿನಕ್ಕೆ ಎರಡು ಕಾರ್ಡು ಎತ್ತುತ್ತಾರೆ, ಮ್ಯಾನೇಜರ್ ವಾರಕ್ಕೆ ಎರಡು, ಯಜಮಾನರು ವಾರಕ್ಕೆ ಒಂದು. ಆಟೋ ಬಿಡಿಭಾಗದವರ ಭಾಷೆಯಲ್ಲಿ ಇದು ಲೇಯರ್ಡ್ ಪ್ರಾಸೆಸ್ ಆಡಿಟ್. ಒಂದೇ ಕೆಲಸವನ್ನು ಬೇರೆ ಬೇರೆ ಮೆಟ್ಟಿಲಿನವರು ನೋಡಬೇಕು ಅನ್ನುವುದು ಅದರ ಹೂರಣ. ಇಲ್ಲಿ ನೋಡುವುದು ಪೀಸನ್ನಲ್ಲ, ಪೀಸು ಮಾಡುವ ರೀತಿಯನ್ನು. ಪೀಸಿನ ಅಳತೆ ನೋಡೋಕೆ ಇನ್‌ಸ್ಪೆಕ್ಷನ್ ಇದ್ದೇ ಇದೆ.

ಪುಸ್ತಕದ ಪ್ರಕಾರ ಎಲ್ಲ ಕಾರ್ಡನ್ನೂ ಕೆಂಪು ಬದಿಯಲ್ಲಿ ಸಿಕ್ಕಿಸಿ, ನೋಡಿ ಸರಿ ಇದ್ದರೆ ಹಸಿರಿಗೆ ತಿರುಗಿಸುವುದು ರೂಢಿ. ಮೊದಲ ತಿಂಗಳು ನಾವೂ ಹಾಗೇ ಮಾಡಿದೆವು. ಕೆಂಪು ಕಂಡರೆ ನೋಡಿಲ್ಲವೋ, ನೋಡಿ ತಪ್ಪು ಸಿಕ್ಕಿದೆಯೋ ಗೊತ್ತಾಗುತ್ತಿರಲಿಲ್ಲ. ಈಗ ಕಾರ್ಡುಗಳೆಲ್ಲ ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಕಣ್ಣು ಹಾಯಿಸದೆ ಕೈಗೆ ಸಿಕ್ಕಿದ್ದನ್ನು ಎತ್ತಬೇಕು, ಹೋಗಿ ನೋಡಬೇಕು, ಬಂದು ಆ ದಿನದ ಜೇಬಿನಲ್ಲಿ ಸಿಕ್ಕಿಸಬೇಕು. ಜೇಬು ಖಾಲಿ ಇದ್ದರೆ ಆ ದಿನ ಯಾರೂ ಹೋಗಿಲ್ಲ. ಅದನ್ನು ಹೇಳಲು ಇನ್ನೊಂದು ರಿಪೋರ್ಟ್ ಬೇಕಿಲ್ಲ.

ನಮ್ಮ ಹತ್ತಿರ 24 ಕಾರ್ಡುಗಳಿವೆ. ಮೊದಮೊದಲು ಎತ್ತಿದ ಕಾರ್ಡನ್ನು ಡಬ್ಬಿ ಖಾಲಿಯಾಗುವವರೆಗೂ ವಾಪಸ್ ಹಾಕುತ್ತಿರಲಿಲ್ಲ. ಎರಡನೇ ಶಿಫ್ಟಿನ ಹುಡುಗನೊಬ್ಬ ರಮ್ಮಿ ಆಡುವವರ ಹಾಗೆ ಬಿದ್ದ ಕಾರ್ಡುಗಳ ಲೆಕ್ಕ ಇಟ್ಟುಕೊಂಡು, "ಮೇಡಂ, ನಾಳೆ ಗೇಜ್‌ದೋ ಚಿಪ್ ಟ್ರೇದೋ ಬರಬೇಕು" ಅಂತ ನನಗೇ ಹೇಳಿದ! ಈಗ ಪ್ರತಿ ಶನಿವಾರ ಎಲ್ಲವೂ ವಾಪಸ್ ಡಬ್ಬಿಗೆ. ಸಮಯವನ್ನೂ ಗೊತ್ತು ಮಾಡಬೇಡಿ. ಬೆಳಗ್ಗೆ ಒಂಬತ್ತಕ್ಕೇ ಬರುತ್ತಾರೆ ಅಂತಾದರೆ ಎಂಟೂಮುಕ್ಕಾಲಿಗೆ ಎಲ್ಲ ಥಳಥಳ ಹೊಳೆಯುತ್ತದೆ.

ನಿಜವಾದ ಕಷ್ಟ ಪ್ರಶ್ನೆ ಬರೆಯುವುದರಲ್ಲಿದೆ. "ಮೆಷಿನ್ ಸುಸ್ಥಿತಿಯಲ್ಲಿದೆಯೇ?" ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾನು ಬರೆದ ಮೊದಲ ಕೂಲೆಂಟ್ ಕಾರ್ಡಿನಲ್ಲಿ "ಕೂಲೆಂಟ್ 6ರಿಂದ 8 ಪರ್ಸೆಂಟ್ ಇದೆಯೇ?" ಅಂತಿತ್ತು. ಒಬ್ಬರು ಹಸಿರು ಹಾಕಿದ ಮೆಷಿನ್ನಿಗೇ ಮರುದಿನ ಇನ್ನೊಬ್ಬರು ಕೆಂಪು ಹಾಕಿದರು. ಪಕ್ಕದಲ್ಲಿ ನಿಂತು ನೋಡಿದೆ. ದ್ರಾವಣ ಎಷ್ಟು ಗಟ್ಟಿ ಅಂತ ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನೀಲಿ ಮತ್ತು ಬಿಳಿ ಸೇರುವಲ್ಲಿ ಒಂದು ಗೆರೆ ಕಾಣುತ್ತದೆ. ಆ ಗೆರೆ ತೋರಿಸುವುದು ಬ್ರಿಕ್ಸ್, ಅಂದರೆ ಸಕ್ಕರೆ ದ್ರಾವಣಕ್ಕೆಂದು ಮಾಡಿದ ಅಳತೆ. ಎಣ್ಣೆ ಕೊಟ್ಟವರು ಹೇಳಿದ ಫ್ಯಾಕ್ಟರ್‌ನಿಂದ ಅದನ್ನು ಗುಣಿಸಿದರೆ ಪರ್ಸೆಂಟ್ ಬರುತ್ತದೆ. ನಮ್ಮ ಎಣ್ಣೆಗೆ ಅದು 1.2. ಒಬ್ಬರು ಗುಣಿಸುತ್ತಿದ್ದರು, ಇನ್ನೊಬ್ಬರು ಗುಣಿಸುತ್ತಿರಲಿಲ್ಲ. ಈಗ ಕಾರ್ಡಿನಲ್ಲಿ "3ನೇ ಮೆಷಿನ್: ಮೊದಲು ಬರೀ ನೀರು ಹಾಕಿ ಗೆರೆ ಸೊನ್ನೆಗೆ ಬರುತ್ತದೆಯೇ ನೋಡಿ. ಆಮೇಲೆ ಕೂಲೆಂಟ್ ಹಾಕಿ. ಗೆರೆ 5 ಮತ್ತು 6.5ರ ನಡುವೆ ಇದೆಯೇ?" ಅಂತಿದೆ. ಲೆಕ್ಕವನ್ನು ನಾನೇ ಮಾಡಿ ಮುಗಿಸಿದ್ದೇನೆ. ಕಾರ್ಡು ಹಿಡಿದವರು ಗೆರೆ ನೋಡಿದರೆ ಸಾಕು.

ಹೌದು-ಇಲ್ಲ ಎಂಬ ಉತ್ತರ ಬರಬೇಕು, ಐದು ನಿಮಿಷದಲ್ಲಿ ಮುಗಿಯಬೇಕು, ಎಲ್ಲಿ ನಿಂತು ನೋಡಬೇಕು ಅಂತ ಕಾರ್ಡೇ ಹೇಳಬೇಕು. ಸರಿಯಾದದ್ದು ಹೇಗಿರುತ್ತದೆ ಅನ್ನುವ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಕನ್ನಡದ ಜೊತೆ ಹಿಂದಿಯಲ್ಲೂ ಹಾಕಿಸಿದ್ದೇವೆ. ನೋಡುವವನಿಗಷ್ಟೇ ಅಲ್ಲ, ಮೆಷಿನ್ ಮುಂದೆ ನಿಂತಿರುವ ಒಡಿಶಾದ ಹುಡುಗನಿಗೂ ತನ್ನ ಹತ್ತಿರ ಏನು ನೋಡುತ್ತಿದ್ದಾರೆ ಅಂತ ತಿಳಿಯಬೇಕಲ್ಲ.

ಯಜಮಾನರು ಒಮ್ಮೆ ಎತ್ತಿದ ಕಾರ್ಡಿನಲ್ಲಿ "ರಿಜೆಕ್ಷನ್ ಡಬ್ಬಿಗೆ ಬೀಗ ಇದೆಯೇ?" ಅಂತಿತ್ತು. ಕೆಟ್ಟ ಪೀಸು ಹಾಕಿ ಬೀಗ ಜಡಿಯುವ ಡಬ್ಬಿ ಅದು. ಬೀಗ ಇತ್ತು. ಹಸಿರು ಹಾಕಲು ಹೊರಟವರು ತಿರುಗಿ ನೋಡಿ ನಕ್ಕರು. ಕೀಲಿ ಡಬ್ಬಿಯ ಪಕ್ಕದ ಮೊಳೆಗೇ ನೇತಾಡುತ್ತಿತ್ತು. ಅವರು ಕೆಂಪು ಹಾಕಿದರು, ನಾನು ಪ್ರಶ್ನೆ ತಿದ್ದಿದೆ: "ಬೀಗ ಹಾಕಿದೆಯೇ? ಕೀಲಿ ಕ್ವಾಲಿಟಿ ಟೇಬಲಿನ ಡ್ರಾಯರಿನಲ್ಲಿದೆಯೇ?" ಅಂದಹಾಗೆ ಅವರು ಕೆಂಪು ಹಾಕಿದ ದಿನದಿಂದಲೇ ಉಳಿದವರಿಗೂ ಕೆಂಪು ಹಾಕುವ ಧೈರ್ಯ ಬಂದದ್ದು. ಅಲ್ಲಿಯವರೆಗೆ ಮೂರು ವಾರ ಬೋರ್ಡು ಪಚ್ಚೆ ಪೈರಿನ ಹಾಗಿತ್ತು. ನನಗೆ ಅದನ್ನು ನೋಡಿದಾಗಲೆಲ್ಲ ಯುಗಾದಿಯ ಟಿಕ್ ನೆನಪಾಗುತ್ತಿತ್ತು.

ಕೆಂಪು ಬಂದರೆ ಏನು ಮಾಡಬೇಕು ಅನ್ನುವುದನ್ನು ಬೋರ್ಡು ಹಾಕುವ ಮೊದಲೇ ತೀರ್ಮಾನಿಸಿ. ನಮ್ಮಲ್ಲಿ ಕೆಂಪು ಕಾರ್ಡಿನ ಹಿಂದೆ ಒಂದು ಚೀಟಿ ಹೋಗುತ್ತದೆ: ಏನು ಕಂಡಿತು, ಯಾರು ಸರಿ ಮಾಡುತ್ತಾರೆ, ಯಾವತ್ತಿಗೆ. ಸರಿಯಾದ ಮೇಲೆ ಬೇರೆಯವರು ಹೋಗಿ ನೋಡಿ ಚೀಟಿಗೆ ಸಹಿ ಹಾಕುತ್ತಾರೆ, ಕಾರ್ಡು ಮಾತ್ರ ಆ ವಾರವಿಡೀ ಕೆಂಪಾಗೇ ಇರುತ್ತದೆ. ಈ ಒಂದು ವಿಷಯಕ್ಕೆ ನಾನು ಜಗಳವಾಡಿದ್ದೇನೆ. "ಅಲ್ಲೇ ನಿಂತು ಸರಿ ಮಾಡಿಸಿದೆನಲ್ಲಾ ಮೇಡಂ, ಹಸಿರು ಹಾಕಿಬಿಡ್ತೀನಿ" ಅನ್ನುತ್ತಿದ್ದರು ಸೂಪರ್‌ವೈಸರ್. ಬೇಡ. ಕಾಲು ಗಂಟೆ ಮುಂಚೆ ಹೇಗಿತ್ತು ಅನ್ನುವುದೇ ನಮಗೆ ಬೇಕಾದ ಸುದ್ದಿ. ಹಾಗೆ ಹಸಿರು ಹಾಕಿಸಿದ್ದರೆ, 5ನೇ ಮೆಷಿನ್ನಿನಲ್ಲಿ ಫಸ್ಟ್ ಪೀಸ್ ಸಹಿ (ಮೊದಲ ಪೀಸನ್ನು ಅಳೆದು ಸರಿ ಅಂತ ಹಾಕುವ ಸಹಿ) ತಪ್ಪುವುದು ಶಿಫ್ಟ್ ಬದಲಾಗುವ ಹೊತ್ತಿನಲ್ಲೇ ಅಂತ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಮೂರು ವಾರದ ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ಅದು ಕಂಡಿತು. ಎರಡು ಶಿಫ್ಟಿನ ನಡುವೆ ಹತ್ತು ನಿಮಿಷ ಇಬ್ಬರೂ ಒಟ್ಟಿಗೆ ಇರುವಂತೆ ಮಾಡಿದೆವು.

ಚೀಟಿಯಲ್ಲಿ ಆಪರೇಟರ್ ಹೆಸರು ಬರೆಯಬೇಡಿ, ಮೆಷಿನ್ ನಂಬರ್ ಸಾಕು. ಬೈಗುಳಕ್ಕೆ ಬೋರ್ಡು ಬಳಸಿದಿರೋ, ಮಾರನೇ ವಾರದಿಂದ ಮತ್ತೆ ಪಚ್ಚೆ ಪೈರು.

ದಾಖಲೆಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಶನಿವಾರ ಕಾರ್ಡು ತೆಗೆಯುವ ಮೊದಲು ಬೋರ್ಡಿನ ಒಂದು ಫೋಟೋ, ಚೀಟಿಗಳೆಲ್ಲ ಒಂದು ಫೈಲಿಗೆ. ರಜೆಯ ದಿನದ ಜೇಬುಗಳು ಖಾಲಿ ಇರುವ ಫೋಟೋ ತೋರಿಸುವಾಗ ನನಗೆ ಒಳಗೊಳಗೇ ಖುಷಿ.

ಕಾರ್ಡುಗಳಿಗೂ ವಯಸ್ಸಾಗುತ್ತದೆ. ಮೂರು ತಿಂಗಳು ಯಾರು ಎತ್ತಿದರೂ ಹಸಿರೇ ಬರುವ ಪ್ರಶ್ನೆಯನ್ನು ಮೊದಲು ಅನುಮಾನಿಸಿ, ನಾನೇ ಹೋಗಿ ನೋಡಿ, ನಿಜವೇ ಆಗಿದ್ದರೆ ತೆಗೆದಿಡುತ್ತೇನೆ. ಕಸ್ಟಮರ್ ಕಂಪ್ಲೇಂಟ್ ಬಂದರೆ, ಇಲ್ಲೇ ರಿಜೆಕ್ಷನ್ ಆದರೆ, ಆ ಜಾಗಕ್ಕೆ ಹೊಸ ಕಾರ್ಡು ಬರುತ್ತದೆ. ಒಂದು ಕಾರ್ಡು ಮಾತ್ರ ವರ್ಷಕ್ಕೊಮ್ಮೆ, ಆಯುಧಪೂಜೆಯ ಮರುವಾರ ಡಬ್ಬಿಗೆ ಬೀಳುತ್ತದೆ: "ಸ್ನ್ಯಾಪ್ ಗೇಜಿನ ಅಳತೆ ಮುಖಗಳ ಮೇಲೆ ಕುಂಕುಮ, ಗಂಧ ಇಲ್ಲವೇ? ಕ್ಯಾಲಿಬ್ರೇಷನ್ ಸ್ಟಿಕರಿನ ತಾರೀಖು ಓದಲು ಬರುತ್ತದೆಯೇ?" ಸ್ನ್ಯಾಪ್ ಗೇಜು ಅಂದರೆ ಪೀಸನ್ನು ಬಾಯೊಳಗೆ ತೂರಿಸಿ ಅಳತೆ ಸರಿ ಇದೆಯೇ ಅಂತ ನೋಡುವ ಉಪಕರಣ. ಗಂಧ ಒಣಗಿ ಕೂತರೆ ಹತ್ತಿಪ್ಪತ್ತು ಮೈಕ್ರಾನ್ ಅನ್ನುವುದು ಯಾವ ಲೆಕ್ಕ, ಒಳ್ಳೇ ಪೀಸೂ ಗೇಜಿನೊಳಗೆ ಹೋಗುವುದಿಲ್ಲ. ಕಳೆದ ಸಲ ಆ ಕಾರ್ಡು ಯಜಮಾನರ ಕೈಗೇ ಬಂತು. ಹೋಗಿ ನೋಡಿ ಬಂದು, ಏನೂ ಮಾತಾಡದೆ ಕೆಂಪು ಬದಿ ತಿರುಗಿಸಿ ಸಿಕ್ಕಿಸಿದರು. ಪೂಜೆ ದಿನ ಗೇಜುಗಳಿಗೆ ಕುಂಕುಮ ಹಚ್ಚಿದ್ದು ಅವರೇ.