ನನ್ನ ಅನುಭವ: ‘ಹೋದ್ರು’ ಅನ್ನುವ ಒಂದು ಮಾತಿನಿಂದ ಒಂದು ಕ್ರೈಂ ಕಾಮಿಕ್

ನನ್ನ 24 ಪುಟದ ಕ್ರೈಂ ಕಾಮಿಕ್ ಶುರುವಾಗಿದ್ದು ಚಿತ್ರದಿಂದಲ್ಲ, ಒಂದು ಮಾತಿನಿಂದ. ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಸ್ಕೆಚ್ ಮಾಡುತ್ತಾ ಕೂತಿದ್ದೆ. ಪಕ್ಕದಲ್ಲಿ ಅಜ್ಜಿಯೊಬ್ಬರು ಹೂ ಕಟ್ಟುತ್ತಿದ್ದರು. ‘ಅಂಗಡಿಯವರು ಎಲ್ಲಿ?’ ಅಂತ ಯಾರೋ ಕೇಳಿದರು. ಅಜ್ಜಿ ತಲೆ ಎತ್ತದೆ, ‘ಈಗ್ತಾನೆ ಹೋದ್ರು’ ಅಂದರು.

ಹೋದವರು ಒಬ್ಬರಾ, ಇಬ್ಬರಾ? ಗಂಡಸಾ, ಹೆಂಗಸಾ? ಏನೂ ಗೊತ್ತಾಗುವುದಿಲ್ಲ, ಅಲ್ವಾ?

ಕನ್ನಡದಲ್ಲಿ ಪತ್ತೇದಾರಿ ಕತೆ ಕಟ್ಟುವಾಗ ಇದು ದೊಡ್ಡ ತಲೆನೋವು. ಸಾಕ್ಷಿ ‘ಓಡಿಹೋದ’ ಅಥವಾ ‘ಓಡಿಹೋದಳು’ ಅಂದರೆ ಅರ್ಧ ಗುಟ್ಟು ರಟ್ಟಾದ ಹಾಗೆ. ‘ಹೋದ್ರು’ ಮಾತ್ರ ಎರಡು ಕಡೆಗೂ ಸಲ್ಲುತ್ತದೆ. ತುಂಬಾ ಜನಕ್ಕೂ ಆಗುತ್ತದೆ, ಒಬ್ಬರಿಗೆ ಕೊಡುವ ಮರ್ಯಾದೆಗೂ ಆಗುತ್ತದೆ. ಕತೆ ಅಲ್ಲೇ ಸಿಕ್ಕಿತು. ಹೂವಿನ ಮಂಡಿಯಲ್ಲಿ ಒಂದು ಕೊಲೆ. ಅಜ್ಜಿಯ ಮಾತು ಕೇಳಿದ ಎಸ್‌ಐ ಒಂದು ಗುಂಪನ್ನೇ ಹುಡುಕಿಕೊಂಡು ಹೊರಡುತ್ತಾರೆ. ಹೋಗಿದ್ದು ಒಬ್ಬರೇ. ಅಜ್ಜಿಗೆ ಚೆನ್ನಾಗಿ ಗೊತ್ತಿರುವ, ಅವರು ಮರ್ಯಾದೆ ಕೊಟ್ಟು ಮಾತಾಡಿಸುವ ಒಬ್ಬರು.

ಆದರೆ ಮಾತು ಬಚ್ಚಿಟ್ಟಿದ್ದನ್ನು ಚಿತ್ರ ಹೇಳಿಬಿಡುತ್ತದೆ. ಮೊದಲ ಸಲ ಆ ಮಾತಿನ ಹಿಂದೆ ಓಡುವ ಎರಡು ನೆರಳು ಬರೆದೆ. ಅದು ಓದುವವರಿಗೆ ಮಾಡುವ ಮೋಸ. ಎಸ್‌ಐ ತಪ್ಪು ತಿಳಿಯಬಹುದು, ನಾನು ಸುಳ್ಳು ಬರೆಯಬಾರದು. ಒಂದೇ ನೆರಳು ಬರೆದರೆ ಕತೆಯೇ ಮುಗಿಯಿತು. ಎರಡು ವಾರ ಪುಟದಲ್ಲಿ ಆ ಚಿತ್ರದ ಚೌಕ ಖಾಲಿ ಇತ್ತು.

ದಾರಿ ತೋರಿಸಿದ್ದು ತೊಗಲುಗೊಂಬೆ. ಗೊಂಬೆಯ ಒಡವೆ, ಸೀರೆಯ ಅಂಚು ಹೊಳೆಯುವುದು ಚರ್ಮದಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳಿಂದ. ಹಿಂದಿನ ದೀಪದ ಬೆಳಕು ಅಲ್ಲಿಂದ ತೂರಿ ಬರುತ್ತದೆ. ನಾನೂ ಹಾಗೇ ಮಾಡಿದೆ. ಚೌಕದ ತುಂಬಾ ಇಂಡಿಯನ್ ಇಂಕ್ ಬಳಿದು, ಒಣಗಿದ ಮೇಲೆ ಬ್ಲೇಡಿನಿಂದ ಬೆಳಕು ಬೀಳುವಷ್ಟನ್ನು ಮಾತ್ರ ಕೆರೆದೆ. ಅಜ್ಜಿಯ ಎರಡು ಕೈ, ದಾರ, ಮಲ್ಲಿಗೆ. ಮುಖ ಇಲ್ಲ. ಹೂವನ್ನು ಮೊಣಕೈಗೆ ಹಿಡಿದು ಮೊಳ ಹಾಕುತ್ತಿದ್ದಾರೆ, ಮಾಲೆ ಬೆರಳ ತುದಿ ಮುಟ್ಟದೆ ಅರ್ಧಕ್ಕೇ ನಿಂತಿದೆ. ಅವರಿಗೆ ಗೊತ್ತು ಅನ್ನುವುದಕ್ಕೆ ಅಷ್ಟೇ ಸುಳಿವು. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಚಿತ್ರ ಅದು.

ಅಜ್ಜಿಯನ್ನೇ ಕತೆಯ ನಡುವೆ ಕೂರಿಸುವ ಧೈರ್ಯ ಬಂದಿದ್ದು ಅಮೆರಿಕದ ಕಾಮಿಕ್ ಕಲಾವಿದ ವಿಲ್ ಐಸ್ನರ್ ಅವರಿಂದ. ಅವರ ‘ದಿ ಸ್ಪಿರಿಟ್’ ಅನ್ನುವ ಕ್ರೈಂ ಕಾಮಿಕ್ 1940ರಿಂದ ಅಮೆರಿಕದ ಭಾನುವಾರದ ಪತ್ರಿಕೆಗಳ ಜೊತೆ ಬರುತ್ತಿತ್ತು. ಅದರ ಎಷ್ಟೋ ಕತೆಗಳು ಏಳೇ ಪುಟದವು. ಕೆಲವದರಲ್ಲಿ ಹೀರೋ ಸುಮ್ನೆ ಹಾದುಹೋಗುತ್ತಾನೆ, ಕತೆಯೆಲ್ಲ ಬೀದಿಯ ಯಾರೋ ಒಬ್ಬರದು.

ಅಕ್ಷರದ ಕೆಲಸ ಚಿತ್ರಕ್ಕಿಂತ ಜಾಸ್ತಿ ಸಮಯ ತಿಂದಿತು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ‘ಹೋದ್ರು’ವಿನ ‘ದ್ರು’ ಕೂಡ ಹಾಗೇ ತಾಗಿತ್ತು. ಆಮೇಲೆ ನಿಯಮ ಮಾಡಿಕೊಂಡೆ. ಮೊದಲು ಪೆನ್ಸಿಲ್‌ನಲ್ಲಿ ಮಾತು, ಅದರ ಸುತ್ತ ಬಲೂನು, ಉಳಿದ ಜಾಗದಲ್ಲಿ ಚಿತ್ರ. ಒಂದು ಬಲೂನಿಗೆ ಮೂರು ಸಾಲು ಮಾತ್ರ.

ಸುಳಿವನ್ನು 5ನೇ ಪುಟದ ನಡುವಿನ ಚೌಕದಲ್ಲಿಟ್ಟೆ. ಪುಟದ ಕೊನೆಯ ಚೌಕದಲ್ಲಿ ಕಣ್ಣು ಸ್ವಲ್ಪ ನಿಲ್ಲುತ್ತದೆ, ಅಲ್ಲಿಟ್ಟಿದ್ದರೆ ಸಿಕ್ಕಿಬೀಳುತ್ತಿತ್ತು. ಗುಟ್ಟು ಬಿಚ್ಚುವುದು 22ರಲ್ಲಿ. ಅದು ಎಡಗಡೆಯ ಪುಟ, ಹಾಳೆ ತಿರುಗಿಸದೆ ಕಾಣುವುದಿಲ್ಲ.

ಮೊದಲ ಪ್ರೂಫ್‌ನಲ್ಲಿ, ಅಂದರೆ ಪರೀಕ್ಷೆಗೆ ಅಂತ ಮುದ್ರಿಸಿದ ಪ್ರತಿಯಲ್ಲಿ, ಕಪ್ಪು ಬಣ್ಣ ಬೂದಿಯ ಹಾಗೆ ಬಂತು, ಹಿಂದಿನ ಪುಟವೂ ಇಣುಕುತ್ತಿತ್ತು. ದಪ್ಪ ಕಾಗದಕ್ಕೆ ಬದಲಾಯಿಸಿದೆ.

ಎರಡನೇ ಪ್ರೂಫನ್ನು ಅಕ್ಕನಿಗೆ ಕೊಟ್ಟೆ. ಅವಳು 22ನೇ ಪುಟಕ್ಕೆ ಬಂದು ನಿಂತಳು. ಏನೂ ಹೇಳದೆ ಹಾಳೆಗಳನ್ನು ಹಿಂದಕ್ಕೆ ತಿರುಗಿಸುತ್ತಾ 5ಕ್ಕೆ ಹೋಗಿ, ಅಜ್ಜಿಯ ಬಲೂನಿನ ಮೇಲೆ ಬೆರಳಿಟ್ಟಳು.