ಹಿಂದೆ ಕೂತ ಪಿಕಪ್ಪನ್ನು ಎತ್ತಿ ನಿಲ್ಲಿಸಿದ್ದು: ತೂಕ, ಟ್ರೇಲರ್ ಮತ್ತು ಲೀಫ್ ಸ್ಪ್ರಿಂಗ್

ಸಾಮಾನು ತುಂಬಿ ಟ್ರೇಲರ್ ಕಟ್ಟಿದ ಕೂಡಲೇ ನನ್ನ ಪಿಕಪ್ಪಿನ ಹಿಂಭಾಗ ಕೂತುಬಿಡುತ್ತಿತ್ತು, ಮೂತಿ ಮೇಲಕ್ಕೆದ್ದು ನಿಲ್ಲುತ್ತಿತ್ತು. ಸ್ಟೀರಿಂಗ್ ಹಗುರವಾಗಿ ತೇಲಿದ ಹಾಗಾಗುತ್ತಿತ್ತು. ಸಣ್ಣ ಹಳ್ಳ ಬಂದರೂ ಹಿಂದಿನಿಂದ ಧಡ್ ಅಂತ ಏಟು. ರಾತ್ರಿ ಹೊತ್ತು ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ಎರಡರಲ್ಲಿ ಒಂದು ಉತ್ತರ ಬರುತ್ತದೆ: "ಸ್ಪ್ರಿಂಗ್ ಹೋಗಿದೆ, ಗಟ್ಟಿಯದ್ದು ಹಾಕಿಸಿ", ಇಲ್ಲವೇ "ಏರ್‌ಬ್ಯಾಗ್ ಹಾಕಿಸಿ, ಎದ್ದು ನಿಲ್ಲುತ್ತದೆ". (ಇದು ಅಪಘಾತದಲ್ಲಿ ಉಬ್ಬುವ ಏರ್‌ಬ್ಯಾಗ್ ಅಲ್ಲ, ಗಾಡಿಯ ಹಿಂಭಾಗವನ್ನು ಎತ್ತಲು ಸ್ಪ್ರಿಂಗ್ ಜೊತೆ ಹಾಕುವ ಗಾಳಿ ತುಂಬಿದ ರಬ್ಬರ್ ಚೀಲ.) ಎರಡಕ್ಕೂ ಕೈ ಹಾಕುವ ಮೊದಲು ನಾನು ಗಾಡಿಯನ್ನು ವೇಬ್ರಿಡ್ಜಿಗೆ ತೆಗೆದುಕೊಂಡು ಹೋದೆ. ಈ ಕೆಲಸದಲ್ಲಿ ಮೊದಲ ಹೆಜ್ಜೆ ಅದೇ ಆಗಬೇಕು ಎಂದು ಗಟ್ಟಿಯಾಗಿ ನಂಬಿದ್ದೇನೆ.

ಪೂರ್ತಿ ಗಾಡಿಯ ತೂಕ ಒಂದೇ ಗೊತ್ತಾದರೆ ಸಾಲದು. ಮುಂದಿನ ಚಕ್ರಗಳನ್ನು ಮಾತ್ರ ತಕ್ಕಡಿ ಮೇಲೆ ನಿಲ್ಲಿಸಿ ಒಂದು ತೂಕ, ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ಇನ್ನೊಂದು. ಇದನ್ನು ಖಾಲಿ ಗಾಡಿಯಲ್ಲಿ ಒಮ್ಮೆ, ಟ್ಯಾಂಕ್, ಟೂಲ್ಸ್, ಜನ ಎಲ್ಲ ತುಂಬಿ ಟ್ರೇಲರ್ ಕಟ್ಟಿದ ಮೇಲೆ ಒಮ್ಮೆ ಮಾಡಬೇಕು. ಟ್ರೇಲರ್ ಕಟ್ಟಿಕೊಂಡೇ ಇರಬೇಕು, ಆದರೆ ಅದರ ಚಕ್ರಗಳು ತಕ್ಕಡಿಯ ಹೊರಗಿರಬೇಕು. ನನ್ನ ಗಾಡಿಯ ಹಿಂದಿನ ಎಕ್ಸೆಲ್ ಮೇಲೆ ಖಾಲಿ ಇದ್ದಾಗ 900 ಕಿಲೋ ಇತ್ತು. ತುಂಬಿ ಟ್ರೇಲರ್ ಕಟ್ಟಿದಾಗ 1,760 ಕಿಲೋ. ತಯಾರಕರು ಆ ಎಕ್ಸೆಲ್‌ಗೆ ಕೊಟ್ಟ ಮಿತಿ 1,700. ಗಾಡಿಯ ಒಟ್ಟು ತೂಕ ಮಾತ್ರ ಮಿತಿಯ ಒಳಗೇ ಇತ್ತು! ಒಟ್ಟು ತೂಕವನ್ನಷ್ಟೇ ನೋಡಿದವರಿಗೆ ಎಲ್ಲ ಸರಿಯಾಗಿದೆ ಅಂತಲೇ ಅನ್ನಿಸುತ್ತಿತ್ತು.

ಹೀಗಾಗಲು ಕಾರಣ ಟ್ರೇಲರ್ ಕೊಂಡಿ ಇರುವ ಜಾಗ. ಕಲ್ಲು ಮೀಟುವ ಹಾರೆಯ ಲೆಕ್ಕವೇ ಇಲ್ಲೂ. ನನ್ನ ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರ. ಕೊಂಡಿ ಹಿಂದಿನ ಎಕ್ಸೆಲ್‌ಗಿಂತ 1.2 ಮೀಟರ್ ಹಿಂದಿದೆ. ಟ್ರೇಲರ್ ಕೊಂಡಿಯ ಮೇಲೆ 200 ಕಿಲೋ ಒತ್ತಿದರೆ ಹಿಂದಿನ ಎಕ್ಸೆಲ್ ಮೇಲೆ ಬೀಳುವುದು 200 ಅಲ್ಲ, 280 ಕಿಲೋ. ಆ ಹೆಚ್ಚಿನ 80 ಕಿಲೋ ಮುಂದಿನ ಚಕ್ರಗಳಿಂದ ಎದ್ದು ಬಂದದ್ದು. ಸ್ಟೀರಿಂಗ್ ಯಾಕೆ ತೇಲುತ್ತದೆ, ಮುಂದಿನ ಬ್ರೇಕ್ ಯಾಕೆ ಸರಿಯಾಗಿ ಹಿಡಿಯುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಎಕ್ಸೆಲ್‌ನಿಂದ ಹಿಂದೆ ಇಟ್ಟ ಪ್ರತಿ ವಸ್ತುವಿಗೂ ಇದೇ ಲೆಕ್ಕ. ಹಿಂಬಾಗಿಲಿಗೆ ಸ್ಟೆಪ್ನಿ ನೇತು ಹಾಕುವವರು, ಟ್ರೇಯ, ಅಂದರೆ ಹಿಂದೆ ಸಾಮಾನು ಹೇರುವ ಜಾಗದ, ತುದಿಯಲ್ಲಿ ನೀರಿನ ಟ್ಯಾಂಕ್ ಇಡುವವರು ಇದನ್ನು ಒಮ್ಮೆ ಕೂತು ಲೆಕ್ಕ ಹಾಕಲೇಬೇಕು.

ಹಾಗಾಗಿ ಸ್ಪಾನರ್ ಹಿಡಿಯುವ ಮೊದಲು ನಾನು ಸಾಮಾನು ಸರಿಸಿದೆ. 80 ಲೀಟರ್ ನೀರು, ಅಂದರೆ 80 ಕಿಲೋ, ಟ್ರೇಯ ತುದಿಯಿಂದ ಕ್ಯಾಬಿನ್ ಬೆನ್ನಿಗೆ ಬಂತು. ಭಾರದ ಟೂಲ್ ಬಾಕ್ಸ್ ಕೂಡ ಅಲ್ಲಿಗೇ. ಸುಮ್ನೆ ಹೊತ್ತು ತಿರುಗುತ್ತಿದ್ದ 50 ಕಿಲೋದಷ್ಟು ಸಾಮಾನು ಕೆಳಗಿಳಿಯಿತು. ಟ್ರೇಲರ್ ಒಳಗಿನ ಭಾರವನ್ನು ಅದರ ಎಕ್ಸೆಲ್ ಕಡೆಗೆ ಸರಿಸಿ ಕೊಂಡಿಯ ಮೇಲಿನ ಒತ್ತಡವನ್ನು 150 ಕಿಲೋಗೆ ತಂದೆ. ಟ್ರೇಲರ್ ತೂಕ 1,500 ಕಿಲೋ, ಹಾಗಾಗಿ ಇದು ನೂರಕ್ಕೆ ಹತ್ತು. ಇದಕ್ಕಿಂತ ತುಂಬಾ ಕಡಿಮೆ ಮಾಡಲು ಹೋಗಬೇಡಿ. ಕೊಂಡಿಯ ಮೇಲೆ ಭಾರ ಸಾಲದಿದ್ದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ, ಅದು ಹಿಂಭಾಗ ಕೂರುವುದಕ್ಕಿಂತ ಎಷ್ಟೋ ಅಪಾಯ. ಮತ್ತೆ ತೂಕ ಹಾಕಿದಾಗ ಹಿಂದಿನ ಎಕ್ಸೆಲ್ 1,580 ತೋರಿಸಿತು. ಒಂದು ಬೋಲ್ಟೂ ಬಿಚ್ಚದೆ 180 ಕಿಲೋ ಇಳಿದಿತ್ತು.

ಎತ್ತರದ ಅಳತೆಯನ್ನೂ ಜೊತೆಜೊತೆಗೇ ಬರೆದಿಟ್ಟುಕೊಂಡಿದ್ದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರ್ ಗಾಳಿ ಕಡಿಮೆ ಜಾಸ್ತಿ ಆದಾಗ ಲೆಕ್ಕ ಕೆಡುತ್ತದೆ. ಮೊದಲು ತುಂಬಿದ್ದ ಭಾರಕ್ಕೆ ಹಿಂಭಾಗ 95 ಮಿಲಿಮೀಟರ್ ಇಳಿದಿತ್ತು. ಎಕ್ಸೆಲ್ ಬಂದು ಚಾಸಿಸ್‌ಗೆ ಬಡಿಯದಂತೆ ಇಟ್ಟಿರುವ ರಬ್ಬರ್, ಅಂದರೆ ಬಂಪ್ ಸ್ಟಾಪ್, ಮತ್ತು ಎಕ್ಸೆಲ್ ನಡುವೆ ಉಳಿದದ್ದು ಒಂದು ಬೆರಳು ತೂರುವಷ್ಟು ಜಾಗ. ಗಾಡಿ ನಿಂತಲ್ಲೇ ಹೀಗಿದ್ದರೆ ಹಳ್ಳದಲ್ಲಿ ಧಡ್ ಅನ್ನದೆ ಇನ್ನೇನು ಮಾಡೀತು? ಸಾಮಾನು ಸರಿಸಿದ ಮೇಲೆ ಆ ಜಾಗ ಸುಮಾರು 30 ಮಿಲಿಮೀಟರ್ ಆಯಿತು. ಉತ್ತಮವಾಯಿತು ನಿಜ, ಆದರೆ ಕಚ್ಚಾ ರಸ್ತೆಗೆ ಅಷ್ಟು ಸಾಲದು.

ಇದೇ ಅಳತೆಯಿಂದ ಸ್ಪ್ರಿಂಗ್‌ನ ಶಕ್ತಿಯೂ ತಿಳಿಯುತ್ತದೆ. 860 ಕಿಲೋ ಹೇರಿದಾಗ 95 ಮಿಲಿಮೀಟರ್ ಇಳಿಯಿತು ಅಂದರೆ, ಎರಡೂ ಕಡೆ ಸೇರಿ ಪ್ರತಿ ಮಿಲಿಮೀಟರ್‌ಗೆ ಸುಮಾರು 9 ಕಿಲೋ. ಇದು ಕೈಯಲ್ಲಿದ್ದರೆ ಹೊಸ ಸ್ಪ್ರಿಂಗ್ ಕೊಳ್ಳುವಾಗ ಅಂದಾಜಿನ ಮೇಲೆ ಮಾತಾಡಬೇಕಾಗಿಲ್ಲ.

ಆಮೇಲೆ ಗಾಡಿ ಕೆಳಗೆ ಮಲಗಿ ನೋಡಿದೆ. ಲೀಫ್ ಸ್ಪ್ರಿಂಗ್ ಅಂದರೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಒಂದರ ಕೆಳಗೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ ಬಿಗಿದ ಕಟ್ಟು. ಎಲ್ಲಕ್ಕಿಂತ ಮೇಲಿನ ಉದ್ದದ್ದೇ ಮೇನ್ ಪ್ಲೇಟ್. ವೈರ್ ಬ್ರಷ್‌ನಿಂದ ಪ್ಲೇಟುಗಳ ಮಣ್ಣು ಉಜ್ಜಿ ತೆಗೆದಾಗ ಮೇನ್ ಪ್ಲೇಟಿನ ಬಾಗು ಪೂರ್ತಿ ಹೋಗಿ ಚಪ್ಪಟೆಯಾಗಿದ್ದು ಕಂಡಿತು. ಎಡಗಡೆ ಮೂರನೇ ಪ್ಲೇಟಿನಲ್ಲಿ ಸೆಂಟರ್ ಬೋಲ್ಟ್ ತೂತಿನ ಪಕ್ಕ ಕೂದಲೆಳೆಯಷ್ಟು ಸಣ್ಣ ಬಿರುಕು. ಅದರ ಉದ್ದಕ್ಕೂ ತುಕ್ಕಿನ ಕೆಂಪು ಗೆರೆ ಇತ್ತು, ಆ ಗೆರೆ ಇಲ್ಲದಿದ್ದರೆ ಬಿರುಕು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪ್ಲೇಟುಗಳ ತುದಿ ಮೇಲಿನ ಪ್ಲೇಟನ್ನು ಉಜ್ಜಿ ಉಜ್ಜಿ ಅಲ್ಲಿ ಹೊಳೆಯುವ ಗುಂಡಿ ಬಿದ್ದಿತ್ತು. ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ ಶ್ಯಾಕಲ್, ಅದರೊಳಗಿನ ರಬ್ಬರ್ ಬುಷ್ ಒಂದು ಕಡೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಈ ಸ್ಪ್ರಿಂಗ್‌ಗೆ ಇನ್ನೊಂದು ಪ್ಲೇಟ್ ಸೇರಿಸಿ ಕೆಲಸ ನಡೆಸುವ ಮಾತೇ ಇರಲಿಲ್ಲ. ದಣಿದ ಪ್ಲೇಟುಗಳ ಜೊತೆ ಒಂದು ಹೊಸ ಪ್ಲೇಟ್ ಹಾಕಿದರೆ ತನ್ನ ಪಾಲಿಗಿಂತ ಹೆಚ್ಚು ಭಾರ ಆ ಒಂದರ ಮೇಲೆ ಬೀಳುತ್ತದೆ.

ಶಾಕ್ ಅಬ್ಸಾರ್ಬರ್ ಪರೀಕ್ಷೆಗೆ ನನ್ನ ವಿಧಾನ ಸರಳ. ತೊಳೆಹಲಗೆ ಹಾಗಿರುವ ಮಣ್ಣು ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ, ನಿಲ್ಲಿಸಿ, ಶಾಕ್‌ನ ಮೈ ಹತ್ತಿರ ಅಂಗೈ ಹಿಡಿಯುತ್ತೇನೆ. ಮುಟ್ಟಬೇಡಿ, ಸುಡುತ್ತದೆ. ಕೆಲಸ ಮಾಡುವ ಶಾಕ್ ಬಿಸಿಯಾಗಲೇಬೇಕು, ಕುಲುಕಾಟವನ್ನು ಬಿಸಿಯಾಗಿ ಬದಲಿಸುವುದೇ ಅದರ ಕೆಲಸ. ಒಂದು ಬಿಸಿಯಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರುವುದು ಸತ್ತಿದೆ ಎಂದೇ ಅರ್ಥ. ನನ್ನದರಲ್ಲಿ ಬಲಗಡೆಯದು ತಣ್ಣಗಿತ್ತು, ಅದರ ಕೆಳಭಾಗದಲ್ಲಿ ಆಯಿಲ್ ಒಸರಿ ಧೂಳು ಮೆತ್ತಿಕೊಂಡಿತ್ತು. ಎಡಗಡೆಯದು ಇಬ್ಬರ ಕೆಲಸ ಮಾಡಿ ವಿಪರೀತ ಕಾದಿತ್ತು. ಹೀಗೆ ಕಾದಾಗ ಒಳಗಿನ ಆಯಿಲ್ ತೆಳುವಾಗುತ್ತದೆ, ಗಾಳಿ ಬೆರೆತರೆ ನೊರೆಯೂ ಏಳುತ್ತದೆ, ಹಿಡಿತ ಹೋಗುತ್ತದೆ.

ಈಗ ಏರ್‌ಬ್ಯಾಗ್ ವಿಷಯ. ಲೀಫ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಭಾರವು ಸ್ಪ್ರಿಂಗ್‌ನ ಎರಡು ತುದಿಗಳಿಂದ ಚಾಸಿಸ್‌ಗೆ ಹಂಚಿಕೆಯಾಗುತ್ತದೆ. ಏರ್‌ಬ್ಯಾಗ್ ಕೂರುವುದು ಆ ಎರಡರ ನಡುವೆ, ಎಕ್ಸೆಲ್‌ನ ನೇರ ಮೇಲೆ. ಅದಕ್ಕೆ ಜಾಸ್ತಿ ಗಾಳಿ ತುಂಬಿದರೆ ಭಾರವೆಲ್ಲ ಚಾಸಿಸ್‌ನ ಒಂದೇ ಜಾಗವನ್ನು ಮೇಲಕ್ಕೆ ಒತ್ತುತ್ತದೆ. ಹಿಂದೆ ಟ್ರೇಲರ್ ಕೆಳಕ್ಕೆ ಎಳೆಯುತ್ತಿರುತ್ತದೆ, ಮುಂದೆ ಕ್ಯಾಬಿನ್ ಮತ್ತು ಎಂಜಿನ್‌ನ ಭಾರ. ಕ್ಯಾಬಿನ್ ಮತ್ತು ಟ್ರೇ ನಡುವೆ ಚಾಸಿಸ್ ಬಾಗಿದ ಒಂದು ಪಿಕಪ್ಪನ್ನು ಕಣ್ಣಾರೆ ನೋಡಿದ್ದೇನೆ, ಎರಡರ ನಡುವಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಹೊರಗಿನಿಂದ ನೋಡಲು ಗಾಡಿ ಸಮವಾಗಿ ನಿಂತಿರುತ್ತದೆ, ಅದೇ ಇದರ ಮೋಸ. ಕಾಯಿಲ್ ಸ್ಪ್ರಿಂಗ್ ಗಾಡಿಯ ಕಥೆ ಬೇರೆ. ಕಾಯಿಲ್ ಒಳಗೇ ಕೂರುವ ಏರ್‌ಬ್ಯಾಗ್ ಭಾರವನ್ನು ಕಾಯಿಲ್ ಹೊರುವ ಜಾಗದಲ್ಲೇ ಹೊರುತ್ತದೆ, ಹಾಗಾಗಿ ಅಷ್ಟು ಭಯವಿಲ್ಲ. ಅಲ್ಲೂ ಎಡಕ್ಕೊಂದು ಬಲಕ್ಕೊಂದು ಪ್ರತ್ಯೇಕ ಪೈಪ್ ಇರಲಿ. ಎರಡಕ್ಕೂ ಒಂದೇ ಪೈಪ್ ಕೊಟ್ಟರೆ ತಿರುವಿನಲ್ಲಿ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ.

ನಾನು ಆರಿಸಿದ್ದು ಖಾಯಂ 300 ಕಿಲೋ ಭಾರಕ್ಕೆ ಮಾಡಿದ ಪೂರ್ತಿ ಹೊಸ ಲೀಫ್ ಸೆಟ್, ಅದಕ್ಕೆ ಹೊಂದುವ ಶಾಕ್. ನನ್ನ ಟ್ರೇಯ ಮೇಲೆ ಟ್ರೇಲರ್ ಇಲ್ಲದಿದ್ದಾಗಲೂ ಹೆಚ್ಚೂಕಡಿಮೆ ಅಷ್ಟು ಭಾರ ಇದ್ದೇ ಇರುತ್ತದೆ. ಅಪರೂಪಕ್ಕೊಮ್ಮೆ ಬರುವ ಅತಿ ಹೆಚ್ಚು ತೂಕಕ್ಕೆ ಸ್ಪ್ರಿಂಗ್ ಆರಿಸಿದರೆ ಉಳಿದ ದಿನವೆಲ್ಲ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಶಾಕ್ ಕೂಡ ಜೊತೆಗೇ ಬದಲಾಗಬೇಕು. ಗಟ್ಟಿ ಸ್ಪ್ರಿಂಗ್ ಜೋರಾಗಿ ಹಿಂದಕ್ಕೆ ಒದೆಯುತ್ತದೆ, ಹಳೇ ಶಾಕ್‌ಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಇನ್ನೊಂದು ಮಾತು: ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಎಕ್ಸೆಲ್, ಬೇರಿಂಗ್, ಬ್ರೇಕ್, ಟೈರ್ ಗಟ್ಟಿಯಾಗುವುದಿಲ್ಲ. 1,700ರ ಮಿತಿ 1,700 ಆಗಿಯೇ ಉಳಿಯುತ್ತದೆ.

ಕೂರಿಸುವುದು ಕಷ್ಟದ ಕೆಲಸವಲ್ಲ, ಆದರೆ ಅವಸರ ಬೇಡ. ಚಾಸಿಸ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಎಕ್ಸೆಲನ್ನು ಬೇರೆ ಜ್ಯಾಕ್ ಮೇಲೆ ನಿಲ್ಲಿಸಿದೆ. ಸೆಂಟರ್ ಬೋಲ್ಟಿನ ತಲೆ ಎಕ್ಸೆಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂತಿತೇ ಎಂದು ಬೆರಳಿಟ್ಟು ನೋಡಿದೆ. ಸ್ಪ್ರಿಂಗನ್ನು ಎಕ್ಸೆಲ್‌ಗೆ ಬಿಗಿಯುವ ಯೂ ಬೋಲ್ಟ್ ಹೊಸದೇ ಹಾಕಿದೆ, ಒಮ್ಮೆ ಬಿಗಿದು ಎಳೆದುಕೊಂಡ ಬೋಲ್ಟನ್ನು ಮತ್ತೆ ನಂಬಬಾರದು. ಸ್ಪ್ರಿಂಗ್ ಕಣ್ಣಿನ, ಅಂದರೆ ಅದರ ತುದಿಯ ಸುರುಳಿಯ, ಮತ್ತು ಶ್ಯಾಕಲ್‌ನ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಂದ ನಂತರವೇ ಕೊನೆಯದಾಗಿ ಬಿಗಿದೆ. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 500 ಕಿಲೋಮೀಟರ್ ಓಡಿಸಿ ಯೂ ಬೋಲ್ಟುಗಳನ್ನು ಮತ್ತೆ ಟಾರ್ಕ್ ವ್ರೆಂಚ್‌ನಿಂದ ನೋಡಿದಾಗ ನಾಲ್ಕೂ ಒಂದಿಷ್ಟು ತಿರುಗಿದವು. ಪ್ಲೇಟುಗಳು ಒಂದರ ಮೇಲೊಂದು ಹೊಂದಿಕೊಂಡಾಗ ಹೀಗೆ ಸಡಿಲಾಗುವುದು ಸಹಜ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಬ್ರೇಕಿನದು. ನನ್ನ ಗಾಡಿಯ ಹಾಗೆ ಹಿಂದಿನ ಎಕ್ಸೆಲ್ ಮೇಲೆ ಸಣ್ಣ ಕಂಬಿ ಇರುವ ವಾಲ್ವ್ ಇದ್ದರೆ, ಹಿಂಭಾಗ ಎಷ್ಟು ಇಳಿದಿದೆ ಎಂಬುದನ್ನು ನೋಡಿಯೇ ಅದು ಹಿಂದಿನ ಬ್ರೇಕ್ ಒತ್ತಡ ನಿರ್ಧರಿಸುತ್ತದೆ. ಹೊಸ ಸ್ಪ್ರಿಂಗ್ ಗಾಡಿಯನ್ನು ಎತ್ತಿದಾಗ ವಾಲ್ವ್ ಇದು ಖಾಲಿ ಗಾಡಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ತುಂಬಿದ ಗಾಡಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಕಂಬಿಯನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಳ್ಳಿ. ಹೆಡ್‌ಲೈಟನ್ನೂ ಆಗಲೇ ಹೊಂದಿಸಿದೆ.

ಈಗ ಅದೇ 1,580 ಕಿಲೋ ಎಕ್ಸೆಲ್ ಮೇಲಿದ್ದಾಗ ಬಂಪ್ ಸ್ಟಾಪ್ ಹತ್ತಿರ 85 ಮಿಲಿಮೀಟರ್ ಜಾಗ ಇರುತ್ತದೆ. ಖಾಲಿ ಇದ್ದಾಗ ಹಿಂಭಾಗ ಮೊದಲಿಗಿಂತ 40 ಮಿಲಿಮೀಟರ್ ಎತ್ತರ, ಸ್ವಲ್ಪ ಕುಲುಕುತ್ತದೆ, ಅದನ್ನು ಒಪ್ಪಿಕೊಂಡೇ ಹಾಕಿಸಿದ್ದು. ಉದ್ದ ದಾರಿಗೆ ಹೊರಡುವ ಮುಂಚೆ ಚಕ್ರದಿಂದ ಮಡ್‌ಗಾರ್ಡ್‌ಗೆ ಎರಡೂ ಕಡೆ ಅಳೆದು ಹಳೇ ಲೆಕ್ಕದ ಪಕ್ಕ ಬರೆಯುತ್ತೇನೆ. ಅದೇ ಭಾರಕ್ಕೆ ಒಂದು ಕಡೆ ಮಾತ್ರ 10 ಮಿಲಿಮೀಟರ್‌ನಷ್ಟು ಜಾಸ್ತಿ ಇಳಿದಿದ್ದರೆ ವೈರ್ ಬ್ರಷ್ ಹಿಡಿದು ಮೊದಲು ಸೆಂಟರ್ ಬೋಲ್ಟಿನ ಆಸುಪಾಸು ಉಜ್ಜಿ ನೋಡುತ್ತೇನೆ.